ತಾಲ್ಲೂಕು ಪಟ್ಟಿಯಲ್ಲಿದ್ದರೆ ಸಾಲದು: ನಮ್ಮ ಶಾಲೆಗೆ ಕೋಣೆ ತಂದ ಅನುಭವ

ಕೆಕೆಆರ್‌ಡಿಬಿ (ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ) ದುಡ್ಡಿನಲ್ಲಿ ನಮ್ಮ ಪ್ರಾಥಮಿಕ ಶಾಲೆಗೆ ಎರಡು ಹೊಸ ಕೋಣೆ ಬಂದಿವೆ. "ಸಣ್ಣ ಊರಿನ ಶಾಲೆಗೆ ಯಾರು ಕೊಡ್ತಾರ್ರೀ ಸರ್, ಅದೆಲ್ಲ ರಸ್ತೆಗೆ ಹೋಗೋ ರೊಕ್ಕ" ಎಂದು ನಮ್ಮ ಕ್ಲಸ್ಟರಿನ ಹೆಡ್‌ಮಾಸ್ತರುಗಳೇ ಹೇಳಿದ್ದರು. ಈಗ ಅವರೇ ಫೈಲ್ ನೋಡಲು ಬರುತ್ತಿದ್ದಾರೆ.

ನಮ್ಮದು ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕು. ಪ್ರಾದೇಶಿಕ ಅಸಮತೋಲನ ಕುರಿತ 2002ರ ನಂಜುಂಡಪ್ಪ ವರದಿಯ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ ಒಂದು, ಮೇಲೆ ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಬೇರೆ. ಇಷ್ಟಿದ್ದರೆ ಅನುದಾನ ತಾನಾಗಿಯೇ ಬರುತ್ತದೆ ಅಂತ ಸುಮ್ನೆ ಕಾಯುವವರೇ ಜಾಸ್ತಿ. ಬರುವುದಿಲ್ಲ. ತಾಲ್ಲೂಕು ಹಿಂದುಳಿದಿದೆ ಅಂತ ವರದಿ ಹೇಳುತ್ತದೆ, ನಿಮ್ಮ ಶಾಲೆಗೆ ಕೋಣೆ ಬೇಕು ಅಂತ ನಿಮ್ಮ ಕಾಗದವೇ ಹೇಳಬೇಕು.

ಮೊದಲ ಅರ್ಜಿ ವಾಪಸ್ ಬಂತು. ಚಾವಣಿಯ ಗಿಲಾವು ಮಕ್ಕಳ ತಲೆ ಮೇಲೆ ಉದುರುತ್ತಿತ್ತು, ಆದರೆ ಶಾಲೆಗಳ ಮಾಹಿತಿ ದಾಖಲಿಸುವ ಸರ್ಕಾರಿ ವ್ಯವಸ್ಥೆ ಯುಡೈಸ್‌ನಲ್ಲಿ ಎಲ್ಲ ಕೋಣೆ "ಸುಸ್ಥಿತಿ" ಎಂದಿತ್ತು! ನಾನು ಬರುವ ಮೊದಲಿನಿಂದ ವರ್ಷವರ್ಷವೂ ಅದೇ ಹಳೇ ಮಾಹಿತಿ ಮುಂದುವರಿದಿತ್ತು. ಜೆಇ (ಕಿರಿಯ ಎಂಜಿನಿಯರ್) ಕರೆಸಿ, ವರದಿ ಬರೆಸಿ, ಸೆಪ್ಟೆಂಬರ್ 30ರ ಲೆಕ್ಕಕ್ಕೆ "ದೊಡ್ಡ ದುರಸ್ತಿ" ಎಂದು ಸರಿಪಡಿಸಿದೆವು.

ಎರಡನೇ ಸಲ ಜಾಗದ ತಕರಾರು. ಹಿರಿಯರೊಬ್ಬರು ಬಾಯಿಮಾತಲ್ಲಿ ದಾನ ಕೊಟ್ಟ ಜಾಗ, ಪಹಣಿ ಇನ್ನೂ ಅವರ ಹೆಸರಲ್ಲೇ. ಮೊಮ್ಮಕ್ಕಳಲ್ಲಿ ಒಬ್ಬ ಬೆಂಗಳೂರಲ್ಲಿ ಕಟ್ಟಡ ಕೆಲಸಕ್ಕಿದ್ದ, ಅವನು ಜಾತ್ರೆಗೆ ಬರುವ ತನಕ ಸಹಿ ಆಗಲಿಲ್ಲ. ಸರ್ವೆ, ದಾನಪತ್ರ, ಓಡಾಟ ಎಲ್ಲ ಸೇರಿ ಹತ್ತು ಸಾವಿರದ ಹತ್ತಿರ ಹೋಯಿತು. ಅರ್ಧ ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಸಮಿತಿ) ಹಾಕಿದರು, ಅರ್ಧ ನನ್ನದು. ಲಂಚ ಅಂತ ಒಂದು ರೂಪಾಯಿ ಕೊಟ್ಟಿಲ್ಲ, ಇದನ್ನು ಎದೆ ತಟ್ಟಿ ಹೇಳುತ್ತೇನೆ. ಗ್ರಾಮ ಪಂಚಾಯಿತಿಯ ಪಿಡಿಒ ಜಾಗಕ್ಕೆ ಇ-ಸ್ವತ್ತು ಖಾತೆ (ಆನ್‌ಲೈನ್ ಆಸ್ತಿ ದಾಖಲೆ) ಕೊಟ್ಟ ಮೇಲೆ ಫೈಲ್ ಓಡತೊಡಗಿತು. ಎರಡು ಕೋಣೆಗೆ ಅಂದಾಜು ಪಟ್ಟಿ 28 ಲಕ್ಷದ ಆಸುಪಾಸು.

ನಡುವೆ ಇನ್ನೊಂದು ಪ್ರಯೋಗವೂ ಮಾಡಿದೆ. ದಸರಾ ಮುಗಿದರೆ ನಮ್ಮಲ್ಲಿ ಗುಳೆ ಶುರು, ಮಕ್ಕಳೂ ಅಪ್ಪ ಅಮ್ಮನ ಜೊತೆ ಹೊರಡುತ್ತವೆ. ಮನೆಮನೆಗೆ ಹೋಗಿ "ಅಜ್ಜಿ ಹತ್ರ ಬಿಟ್ಟು ಹೋಗ್ರಿ, ಮಧ್ಯಾಹ್ನದ ಊಟ ನಮ್ಮದು" ಎಂದು ಕೇಳಿಕೊಂಡೆವು. ಎಲ್ಲರೂ ಒಪ್ಪಲಿಲ್ಲ. ಆದರೂ ತೊಂಬತ್ತರ ಹತ್ತಿರ ಇದ್ದ ದಾಖಲಾತಿ ನೂರು ದಾಟಿತು, ಸಮಗ್ರ ಶಿಕ್ಷಣ ಯೋಜನೆಯಲ್ಲಿ ಮಕ್ಕಳ ಸಂಖ್ಯೆ ನೋಡಿ ಕೊಡುವ ಶಾಲಾ ಅನುದಾನ 25 ಸಾವಿರದಿಂದ 50 ಸಾವಿರದ ಸಾಲಿಗೆ ಏರಿತು. ಮಕ್ಕಳ ದಾಖಲಾತಿಯ ಆನ್‌ಲೈನ್ ವ್ಯವಸ್ಥೆ ಸ್ಯಾಟ್ಸ್‌ನಲ್ಲಿ ಸುಳ್ಳು ಹೆಸರು ತುಂಬಿ ಇದನ್ನು ಮಾಡುವವರಿದ್ದಾರೆ. ಅದು ಮಕ್ಕಳಿಗೆ ಮಾಡುವ ಮೋಸ.

ಶಾಸಕರ ಕ್ರಿಯಾಯೋಜನೆ ಸಭೆಗೆ ಮೊದಲು ನಮ್ಮ ಮನವಿಯನ್ನು ಒಂದೇ ಹಾಳೆಗೆ ಇಳಿಸಿದ್ದೆ. ಅದರಲ್ಲಿ ಮೊದಲ ಸಾಲು ಏನಿತ್ತು, ಯಾವ ಫೋಟೋ ಅಂಟಿಸಿದ್ದೆ ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಕಾಂಪೌಂಡಿನ ಫೈಲ್ ಇನ್ನೂ ಜಿಲ್ಲಾ ಪಂಚಾಯಿತಿಯಲ್ಲಿದೆ, ಅದಕ್ಕೂ ಅದೇ ಹಾಳೆ ಬೇಕು.