ತೊಗರಿ ಕಾಳಿನಲ್ಲಿ ಜೀನ್ ಪಾಠ: ಮನೆಯಲ್ಲೇ ಮಾಡಿ ನೋಡಿ

ಕಲಬುರಗಿಯ ಮನೆಗಳಲ್ಲಿ ತೊಗರಿಗೆ ಬರವಿಲ್ಲ. ಒಂದು ಹಿಡಿ ಕೆಂಪು ತೊಗರಿ, ಒಂದು ಹಿಡಿ ಬಿಳಿ ತೊಗರಿ, ಎರಡು ಬಟ್ಟೆ ಚೀಲ ತಗೊಳ್ಳಿ. ಅಪ್ಪ ಅವ್ವನ ಗುಣ ಮಕ್ಕಳಿಗೆ ಹೇಗೆ ಬರುತ್ತದೆ ಎಂಬ ಪಾಠದಲ್ಲಿ ಹತ್ತನೇ ಕ್ಲಾಸಿನ ಮಕ್ಕಳು 3:1, 9:3:3:1 ಅಂತ ಬಾಯಿಪಾಠ ಮಾಡುತ್ತಾರೆ. ಈ ಲೆಕ್ಕ ಎಲ್ಲಿಂದ ಬಂತು ಅಂದರೆ ಸುಮ್ಮನಾಗುತ್ತಾರೆ. ಕೈಯಾರೆ ಮಾಡಿದರೆ ಒಂದು ಸಂಜೆ ಸಾಕು.

ಒಂದು ಚೀಲ ಅಪ್ಪ, ಇನ್ನೊಂದು ಅವ್ವ. ಎರಡಕ್ಕೂ 20 ಕೆಂಪು, 20 ಬಿಳಿ ಕಾಳು ಹಾಕಿ. ಕಾಳು ಇಲ್ಲಿ ಬರೀ ಜೀನಿನ ಗುರುತು; ಅಪ್ಪ ಅವ್ವನಿಂದ ಮಗುವಿಗೆ ಗುಣ ಒಯ್ಯುವುದೇ ಜೀನ್. ಕೆಂಪು ಅಂದರೆ ಬಟಾಣಿಯನ್ನು ದುಂಡಗೆ ಮಾಡುವ ಜೀನ್, ಬಿಳಿ ಅಂದರೆ ಸುಕ್ಕಾಗಿಸುವ ಜೀನ್. ನೋಡದೆ ಎರಡೂ ಚೀಲದಿಂದ ಒಂದೊಂದು ಕಾಳು ತೆಗೆಯಿರಿ. ಆ ಜೋಡಿಯೇ ಮಗು. ಬರೆದುಕೊಳ್ಳಿ, ಕಾಳುಗಳನ್ನು ಅವುಗಳ ಚೀಲಕ್ಕೇ ವಾಪಸ್ ಹಾಕಿ, ಕುಲುಕಿ, ಮತ್ತೆ ತೆಗೆಯಿರಿ. ಹೀಗೆ 100 ಸಲ.

ಒಂದು ಕೆಂಪು ಕಾಳಿದ್ದರೂ ಮಗು ದುಂಡು, ಯಾಕೆಂದರೆ ಆ ಗುಣ ಪ್ರಬಲ. ಎರಡೂ ಬಿಳಿ ಬಂದರೆ ಮಾತ್ರ ಸುಕ್ಕು. ಹೆಚ್ಚುಕಡಿಮೆ 75 ದುಂಡು, 25 ಸುಕ್ಕು ಬರುತ್ತದೆ. ಅಪ್ಪ ಅವ್ವ ಇಬ್ಬರೂ ದುಂಡು, ಮಗು ಮಾತ್ರ ಸುಕ್ಕು! ಅಡಗಿದ್ದ ಬಿಳಿ ಕಾಳು ಎಲ್ಲೂ ಹೋಗಿರಲಿಲ್ಲ, ಅಲ್ವಾ? 20 ಸಲಕ್ಕೇ ನಿಲ್ಲಿಸಿದರೆ ಲೆಕ್ಕ ಆಚೀಚೆ ಆಗಬಹುದು. ಬಟಾಣಿ ಬೆಳೆಸಿ ಈ ಲೆಕ್ಕ ಮೊದಲು ಕಂಡುಹಿಡಿದ ಮೆಂಡೆಲ್ 7,000ಕ್ಕೂ ಜಾಸ್ತಿ ಬಟಾಣಿ ಎಣಿಸಿದ್ದರು: 5,474 ದುಂಡು, 1,850 ಸುಕ್ಕು.

ಎರಡು ಗುಣ ಒಟ್ಟಿಗೆ ನೋಡಬೇಕಾದರೆ ಹೆಸರುಕಾಳು (ಪ್ರಬಲ ಗುಣ), ಉದ್ದಿನಕಾಳು (ಅಡಗುವ ಗುಣ) ಹಾಕಿದ ಇನ್ನೊಂದು ಜೊತೆ ಚೀಲ ಸೇರಿಸಿ. ಎರಡೂ ಪ್ರಬಲ ಗುಣ ಇರುವವು 9, ಒಂದೊಂದೇ ಇರುವವು 3 ಮತ್ತು 3, ಎರಡೂ ಇಲ್ಲದವು 1, ಹೀಗೆ 9:3:3:1ರ ಹತ್ತಿರ ಬರುತ್ತದೆ.

ನನಗೆ ತುಂಬಾ ಇಷ್ಟವಾಗುವುದು ಈ ಲೆಕ್ಕ ತಪ್ಪುವ ಜಾಗ. 1905ರ ಸುಮಾರಿಗೆ ಇಂಗ್ಲೆಂಡಿನಲ್ಲಿ ವಿಜ್ಞಾನಿಗಳಾದ ಬೇಟ್ಸನ್, ಸಾಂಡರ್ಸ್, ಪನ್ನೆಟ್ ಸ್ವೀಟ್ ಪೀ ಹೂಗಿಡ ಬೆಳೆಸಿದರು. ನೇರಳೆ ಹೂವಿನ ಜೊತೆ ಉದ್ದ ಪರಾಗ, ಕೆಂಪು ಹೂವಿನ ಜೊತೆ ದುಂಡು ಪರಾಗ ಅಂಟಿಕೊಂಡೇ ಬಂದವು. ಜೋಡಿ ಬದಲಾದ ಗಿಡಗಳು ತೀರಾ ಕಡಿಮೆ. ಅವರಿಗೆ ಕಾರಣ ಹೊಳೆಯಲಿಲ್ಲ. ಆಮೇಲೆ ಹಣ್ಣಿನ ನೊಣ ಸಾಕಿದ ಅಮೆರಿಕದ ವಿಜ್ಞಾನಿ ಮಾರ್ಗನ್ ಹೇಳಿದರು: ಈ ಜೀನ್‌ಗಳು ಒಂದೇ ವರ್ಣತಂತುವಿನ (ಜೀವಕೋಶದಲ್ಲಿ ಜೀನ್ ಸಾಲಾಗಿ ಕೂತಿರುವ ಎಳೆ) ಮೇಲಿವೆ.

ಇದನ್ನು ಮಾಡಿ ನೋಡಲು ವರ್ಣತಂತುವಿನ ಬದಲು 20 ಸೆಂಟಿಮೀಟರ್ ಉದ್ದದ ಎರಡು ಕಾಗದದ ಪಟ್ಟಿ ಬೇಕು. ಒಂದಕ್ಕೆ ಕೆಂಪು ಬಣ್ಣ ಹಚ್ಚಿ. ಎರಡರಲ್ಲೂ 3, 5, 18ನೇ ಸೆಂಟಿಮೀಟರಿಗೆ ಚುಕ್ಕೆ ಇಡಿ, ಒಂದೊಂದು ಚುಕ್ಕೆ ಒಂದೊಂದು ಜೀನ್. ಒಂದರ ಮೇಲೊಂದು ಇಟ್ಟು, ಕಣ್ಣು ಮುಚ್ಚಿ ಒಂದು ಕಡೆ ಕತ್ತರಿಸಿ, ತುಂಡುಗಳನ್ನು ಅದಲುಬದಲು ಮಾಡಿ ಅಂಟಿಸಿ. ಕತ್ತರಿ ಒಮ್ಮೆ ಸಾಕು, ಆಮೇಲೆ ಬರೀ ಪೆನ್ಸಿಲ್ ತುದಿ ಊರುತ್ತಾ ಹೋಗಿ. 3 ಮತ್ತು 5ರ ನಡುವೆ ಬೀಳುವುದು ಅಪರೂಪ. 3 ಮತ್ತು 18ರ ನಡುವೆ ಮತ್ತೆ ಮತ್ತೆ ಬೀಳುತ್ತದೆ. ಹತ್ತಿರದ ಜೀನ್ ಬಿಟ್ಟು ಹೋಗದಿರುವುದಕ್ಕೆ ಇದೇ ಕಾರಣ. ಜೀವಕೋಶದಲ್ಲಿ ಜೋಡಿ ವರ್ಣತಂತುಗಳು ಮೊದಲು ನಕಲಾಗಿ ನಾಲ್ಕು ಎಳೆ ಆಗಿರುತ್ತವೆ; ಒಂದು ಅದಲುಬದಲಿಗೆ ಆ ನಾಲ್ಕರ ಪೈಕಿ ಎರಡೇ ಸೇರುತ್ತವೆ. ಹಾಗಾಗಿ ಎಷ್ಟೇ ದೂರವಿದ್ದರೂ ಬೇರ್ಪಟ್ಟವು 100ಕ್ಕೆ 50 ದಾಟುವುದಿಲ್ಲ. ಬೇರ್ಪಟ್ಟವನ್ನು ಎಣಿಸಿಯೇ ಮಾರ್ಗನ್ ಶಿಷ್ಯ ಸ್ಟರ್ಟೆವಂಟ್ 1913ರಲ್ಲಿ ಮೊದಲ ಜೀನ್ ನಕ್ಷೆ ಬರೆದರು.

ತೊಗರಿಗೂ 11 ಜೊತೆ ವರ್ಣತಂತುಗಳಿವೆ. ನೆಟೆ ರೋಗ ತಡೆಯುವ ಜೀನ್ ಪಕ್ಕದಲ್ಲೇ ಇಳುವರಿ ಕಡಿಮೆ ಮಾಡುವ ಜೀನ್ ಕೂತಿದೆ ಅಂದುಕೊಳ್ಳಿ. ಅವೆರಡನ್ನು ಬಿಡಿಸಲು ತಳಿ ತಜ್ಞರು ಸಾವಿರಾರು ಗಿಡ ಬೆಳೆಸಿ, ಒಂದೊಂದನ್ನೇ ನೋಡುತ್ತಾ ಹೋಗಬೇಕು.