ಸ್ಯಾನ್ ಫ್ರಾನ್ಸಿಸ್ಕೊ ಸಿಟಿ ಹಾಲ್‌ನಲ್ಲಿ ಮುಂಚಿತವಾಗಿ ಮತ ಹಾಕುವುದು ಹೇಗೆ?

ಅಮೆರಿಕದ ಪೌರತ್ವ ಪಡೆದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನೆಲೆಸಿರುವ ಕನ್ನಡಿಗರು ಮತ ಹಾಕಲು ಚುನಾವಣೆ ನಡೆಯುವ ನವೆಂಬರ್‌ನ ಮಂಗಳವಾರದವರೆಗೆ ಕಾಯಬೇಕಾಗಿಲ್ಲ. ಚುನಾವಣೆಗೆ 29 ದಿನ ಮೊದಲೇ ಸಿಟಿ ಹಾಲ್‌ನ ನೆಲಮಹಡಿಯಲ್ಲಿ ಮತದಾನ ಕೇಂದ್ರ ತೆರೆಯುತ್ತದೆ. ಆದರೆ ಅದು ಆ ನಗರದ ಮತದಾರರಿಗೆ ಮಾತ್ರ. ಸನ್ನಿವೇಲ್ ಅಥವಾ ಫ್ರೀಮಾಂಟ್‌ನಲ್ಲಿ ವಾಸಿಸುವವರು ತಮ್ಮ ತಮ್ಮ ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ) ವ್ಯವಸ್ಥೆಯನ್ನೇ ಬಳಸಬೇಕು.

ಮೊದಲ ಕೆಲಸ ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸುವುದು. ಚುನಾವಣೆಗೆ 15 ದಿನ ಮುಂಚಿನವರೆಗೆ ಆನ್‌ಲೈನ್‌ನಲ್ಲಿ ನೋಂದಾಯಿಸಬಹುದು. ಆ ಗಡುವು ದಾಟಿದರೂ ಕೇಂದ್ರದಲ್ಲೇ ನೋಂದಾಯಿಸಿ ಅಂದೇ ಮತ ಹಾಕಲು ಅವಕಾಶವಿದೆ. ಅರ್ಹತೆಯನ್ನು ಪರಿಶೀಲಿಸಿದ ಬಳಿಕ ಆ ಮತವನ್ನು ಎಣಿಕೆಗೆ ತೆಗೆದುಕೊಳ್ಳುತ್ತಾರೆ.

ಎರಡನೆಯದು ಮನೆಯಲ್ಲಿ ಕುಳಿತು ಮಾಡಬೇಕಾದ ಸಿದ್ಧತೆ, ನಿಜವಾಗಿ ಸಮಯ ಹಿಡಿಯುವುದೂ ಇದೇ. ಒಂದು ಗುಂಡಿ ಒತ್ತಿ ಹೊರಬರುವ ರೂಢಿ ಇರುವ ನಮಗೆ ಇಲ್ಲಿನ ಮತಪತ್ರ ಬೆರಗು ಹುಟ್ಟಿಸುತ್ತದೆ: ಅಧ್ಯಕ್ಷ ಸ್ಥಾನದಿಂದ ಶಾಲಾ ಮಂಡಳಿಯವರೆಗಿನ ಹುದ್ದೆಗಳ ಜೊತೆಗೆ, ಸಾಲಪತ್ರ (ಬಾಂಡ್), ತೆರಿಗೆ, ನಗರದ ನಿಯಮಾವಳಿಗಳ ಬಗೆಗಿನ ಪ್ರಸ್ತಾವಗಳೂ ಹಲವು ಹಾಳೆಗಳಲ್ಲಿ ಹರಡಿರುತ್ತವೆ. ಮೇಯರ್ ಮುಂತಾದ ಸ್ಥಳೀಯ ಹುದ್ದೆಗಳಿಗೆ ಒಬ್ಬರನ್ನಷ್ಟೇ ಆರಿಸದೆ, ಮೊದಲ ಆಯ್ಕೆ, ಎರಡನೆಯ ಆಯ್ಕೆ ಎಂದು ಅಭ್ಯರ್ಥಿಗಳನ್ನು ಕ್ರಮವಾಗಿ ಗುರುತಿಸಬಹುದು. ಎಲ್ಲ ಆಯ್ಕೆಗಳಿಗೂ ಒಬ್ಬರನ್ನೇ ಗುರುತಿಸಿದರೆ ಅವರಿಗೆ ಹೆಚ್ಚಿನ ಲಾಭವೇನೂ ಇಲ್ಲ. ಆದ್ದರಿಂದ ಚುನಾವಣಾ ಇಲಾಖೆ ಕಳುಹಿಸುವ ಮಾಹಿತಿ ಪುಸ್ತಿಕೆಯನ್ನು ಓದಿ, ನಿರ್ಧಾರಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗುವುದು ಜಾಣತನ. ಚೀಟಿ ಒಯ್ಯುವುದಕ್ಕೆ ಅಡ್ಡಿಯಿಲ್ಲ.

ಹೋಗುವ ದಿನ ಬಾರ್ಟ್ ರೈಲಿನಲ್ಲಿ ಸಿವಿಕ್ ಸೆಂಟರ್ ನಿಲ್ದಾಣದಲ್ಲಿ ಇಳಿದರೆ ಕಟ್ಟಡ ಹತ್ತಿರವೇ ಇದೆ. 1906ರ ಭೂಕಂಪದಲ್ಲಿ ಹಳೆಯ ಸಿಟಿ ಹಾಲ್ ನೆಲಕಚ್ಚಿದ ಮೇಲೆ ಕಟ್ಟಿ 1915ರಲ್ಲಿ ತೆರೆದ ಈ ಭವನದ ಗುಮ್ಮಟ ವಾಷಿಂಗ್ಟನ್‌ನ ಸಂಸತ್ ಭವನವಾದ ಕ್ಯಾಪಿಟಲ್‌ನ ಗುಮ್ಮಟಕ್ಕಿಂತಲೂ ಎತ್ತರ. ಗುಮ್ಮಟದಡಿಯ ಅಮೃತಶಿಲೆಯ ಮೆಟ್ಟಿಲ ಮೇಲೆ ಆಗಷ್ಟೇ ಮದುವೆಯಾದ ಜೋಡಿಗಳು ಫೋಟೊ ತೆಗೆಸಿಕೊಳ್ಳುತ್ತಿರುತ್ತಾರೆ. ಅವರನ್ನು ಹಾದು ಮತ ಹಾಕಲು ಹೋಗುವಾಗ ಹೊಸ ನಾಗರಿಕನಿಗೆ ಈ ಊರು ನನ್ನದೂ ಹೌದು ಎಂಬ ಹೆಮ್ಮೆ ತಾನಾಗಿ ಮೂಡುತ್ತದೆ. ಸರ್ಕಾರಿ ಕಚೇರಿ ಹೀಗೂ ಇರಬಹುದೆಂದು ನಂಬಲು ಕೆಲವರಿಗೆ ಎರಡನೆಯ ಭೇಟಿ ಬೇಕಾಗುತ್ತದೆ.

ಮೇಜಿನ ಬಳಿ ಹೆಸರು ಮತ್ತು ವಿಳಾಸ ಹೇಳಬೇಕು. ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯವಾಗಿ ಗುರುತಿನ ಚೀಟಿ ಕೇಳುವುದಿಲ್ಲ. ನೋಂದಣಿಯ ವೇಳೆ ಗುರುತಿನ ವಿವರ ಕೊಡದೆ ಮೊದಲ ಬಾರಿ ಮತ ಹಾಕುವವರಿಗೆ ಮಾತ್ರ ಅದು ಬೇಕಾಗಬಹುದು. ಮತಪತ್ರ ಇಂಗ್ಲಿಷ್‌ನ ಜೊತೆಗೆ ಚೀನೀ, ಸ್ಪ್ಯಾನಿಷ್, ಫಿಲಿಪಿನೊ ಭಾಷೆಗಳಲ್ಲೂ ಸಿಗುತ್ತದೆ, ಕನ್ನಡ ಇಲ್ಲ. ನೋಂದಾಯಿತ ಮತದಾರರಿಗೆಲ್ಲ ಮತಪತ್ರ ಅಂಚೆಯಲ್ಲೂ ಬರುತ್ತದೆ. ಅದನ್ನು ಮನೆಯಲ್ಲೇ ತುಂಬಿ, ಲಕೋಟೆಯ ಮೇಲೆ ಮರೆಯದೆ ಸಹಿ ಹಾಕಿ ಇಲ್ಲಿಗೇ ತಂದು ಒಪ್ಪಿಸಿದರೂ ಸರಿಯೇ.

ಮತ ಹಾಕಿದವರಿಗೆ ಬೆರಳಿಗೆ ಶಾಯಿ ಹಚ್ಚುವುದಿಲ್ಲ, ಒಂದು ಸ್ಟಿಕ್ಕರ್ ಕೊಡುತ್ತಾರೆ. ಮಕ್ಕಳನ್ನೂ ಜೊತೆಗೆ ಕರೆದೊಯ್ಯಬಹುದು. ಆ ಸ್ಟಿಕ್ಕರ್ ಹೆಚ್ಚಾಗಿ ಅವರ ಅಂಗಿಯ ಮೇಲೇ ಮನೆ ಸೇರುತ್ತದೆ.