ನಮ್ಮನೆ ಇಂಟರ್ನೆಟ್ಟಿಗೆ ನಾಲ್ಕು ಒಂಬತ್ತು

ನಮ್ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ, ತೋಟದ ನಡುವೆ. ಜುಲೈ ಮಳೆಯಲ್ಲಿ ನೆಟ್ ಹೋಯಿತು ಅಂದರೆ ಎಲ್ಲೋ ಮರ ಬಿದ್ದು ಕೇಬಲ್ ತುಂಡಾಗಿದೆ ಅಂತಲೇ ಲೆಕ್ಕ. ಆವತ್ತೂ ಹಾಗೇ ಅಂದುಕೊಂಡೆ. ಅಪ್ಪಯ್ಯನ ಫೋನಿನಲ್ಲಿ ಅಡಿಕೆ ಧಾರಣೆ ಬರುತ್ತಿಲ್ಲ, ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಪುಟವೂ ತೆರೆಯುತ್ತಿಲ್ಲ. ಆದರೆ ರೂಟರಿನ ದೀಪ ಹಸಿರು. ಸುಮ್ನೆ ಗೂಗಲ್‌ನ 8.8.8.8 ವಿಳಾಸಕ್ಕೆ ಪಿಂಗ್ ಮಾಡಿದೆ, ಅಂದರೆ ‘ಇದ್ದೀಯಾ’ ಅಂತ ಕೂಗಿ ನೋಡಿದೆ. ಉತ್ತರ ಬಂತು! ಲೈನ್ ಸರಿ ಇದೆ, ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಮಲಗಿದೆ.

ಮಲೆನಾಡಿನಲ್ಲಿ ಒಂದು ಮನೆಯಿಂದ ಇನ್ನೊಂದು ಕಾಣುವುದಿಲ್ಲ. ಹೊಸಬರು ಬಸ್ಸಿಳಿದು ಅಂಗಡಿಯಲ್ಲಿ ‘ಇಂಥವರ ಮನೆ ಯಾವ ಕಡೆ’ ಅಂತ ಕೇಳಿಯೇ ಹೋಗಬೇಕು. ವೆಬ್‌ಸೈಟಿನ ಹೆಸರು ಹೇಳಿದರೆ ಅದರ ಐಪಿ ವಿಳಾಸ, ಅಂದರೆ ಅಂಕಿಯ ವಿಳಾಸ, ಹೇಳುವ ಡಿಎನ್‌ಎಸ್ ಆ ಅಂಗಡಿಯವನ ಹಾಗೆ. ಯಾರು ಯಾರ ಮನೆಗೆ ಹೋದರು ಅನ್ನುವುದೂ ಅವನಿಗೆ ಗೊತ್ತಿರುತ್ತದೆ, ಅಲ್ವಾ? ನಮಗೆ ನೆಟ್ ಕೊಡುವವರ ಅಂಗಡಿಯಂತೂ ಹೆಸರು ತಪ್ಪು ಟೈಪ್ ಮಾಡಿದರೆ ಜಾಹೀರಾತಿನ ಪುಟಕ್ಕೆ ಕಳಿಸುತ್ತಿತ್ತು.

ಅವತ್ತು ರಾತ್ರಿಯೇ ಡಿಎನ್‌ಎಸ್ ಬದಲಿಸಲು ಕೂತೆ. ಯಾರು ಬೇಕಾದರೂ ಬಳಸಬಹುದಾದವು ಕೆಲವಿವೆ. ಗೂಗಲ್‌ನ 8.8.8.8 2009ರಿಂದ ಇದೆ. ಕ್ಲೌಡ್‌ಫ್ಲೇರ್‌ನ 1.1.1.1 ಬಂದಿದ್ದು 2018ರ ಏಪ್ರಿಲ್ ಒಂದಕ್ಕೆ, ಆದರೂ ತಮಾಷೆಯಲ್ಲ. ನಾನು ಆರಿಸಿದ್ದು ಕ್ವಾಡ್9, ಅಂದರೆ 9.9.9.9. ಲಾಭಕ್ಕಾಗಿ ನಡೆಸುವ ಸಂಸ್ಥೆಯಲ್ಲ, 2021ರಲ್ಲಿ ಸ್ವಿಟ್ಜರ್ಲೆಂಡಿಗೆ ಹೋಗಿ ನೆಲೆಸಿದೆ. ಕೇಳಿದವರ ಐಪಿ ವಿಳಾಸ ಬರೆದಿಟ್ಟುಕೊಳ್ಳುವುದಿಲ್ಲ ಅನ್ನುತ್ತದೆ. ನನಗೆ ಬೇಕಾಗಿದ್ದು ಇನ್ನೊಂದು ಗುಣ: ಮೋಸದ್ದು ಅಂತ ಗೊತ್ತಾಗಿರುವ ತಾಣವನ್ನು ಕೇಳಿದರೆ ‘ಅಂಥ ಹೆಸರೇ ಇಲ್ಲ’ ಅಂದುಬಿಡುತ್ತದೆ. ‘ಕರೆಂಟ್ ಬಿಲ್ ಕಟ್ಟಿಲ್ಲ, ಇವತ್ತು ರಾತ್ರಿ ಲೈನ್ ಕಟ್’ ಅನ್ನುವ ಮೆಸೇಜು ಅಪ್ಪಯ್ಯನಿಗೆ ಆಗಾಗ ಬರುತ್ತದೆ. ಲಿಂಕ್ ಒತ್ತದೆ ಇರುವ ಜಾಯಮಾನ ಅವರದ್ದಲ್ಲ.

ರೂಟರಿನಲ್ಲಿ ಮೊದಲ ಖಾನೆಗೆ 9.9.9.9 ಹಾಕಿದೆ. ಎರಡನೆಯದಕ್ಕೆ 8.8.8.8. ಮಳೆಗಾಲ, ಕೈಗೊಂದು ಇರಲಿ ಅಂತ. ಎಡವಿದ್ದು ಇಲ್ಲೇ. ತಡೆ ಕೆಲಸ ಮಾಡುತ್ತಿದೆಯಾ ಅಂತ ನೋಡಲು ಕ್ವಾಡ್9ನವರೇ ಒಂದು ಪರೀಕ್ಷೆಯ ಹೆಸರು ಇಟ್ಟಿದ್ದಾರೆ. ಅದು ಒಮ್ಮೆ ತೆರೆಯುತ್ತಿತ್ತು, ಒಮ್ಮೆ ಇಲ್ಲ. ಎರಡು ದಿನ ತಲೆ ಕೆಡಿಸಿಕೊಂಡೆ. ಎರಡನೆಯ ಖಾನೆ ಸ್ಟೆಪ್ನಿ ಅಂದುಕೊಂಡಿದ್ದೆ, ಆದರೆ ಎಷ್ಟೋ ರೂಟರುಗಳು ಇಬ್ಬರನ್ನೂ ಕೇಳುತ್ತವೆ. ಒಬ್ಬ ಬೇಡ ಅಂದದ್ದನ್ನು ಇನ್ನೊಬ್ಬ ಧಾರಾಳವಾಗಿ ತೋರಿಸುತ್ತಿದ್ದ. ಕ್ವಾಡ್9ನದೇ ಇನ್ನೊಂದು ವಿಳಾಸ 149.112.112.112 ಹಾಕಿದ ಮೇಲೆ ಸರಿಯಾಯಿತು.

ಇಷ್ಟಾದರೂ ನನ್ನ ರೂಟರ್ ಕೇಳುವುದು ಬಿಚ್ಚು ಮಾತಿನಲ್ಲೇ. ದಾರಿಯಲ್ಲಿ ಯಾರು ಬೇಕಾದರೂ ಓದಬಹುದು. ಆಂಡ್ರಾಯ್ಡ್ 9ರಿಂದ ಈಚಿನ ಫೋನುಗಳಲ್ಲಿ ‘ಪ್ರೈವೇಟ್ ಡಿಎನ್‌ಎಸ್’ ಅಂತ ಇದೆ. ಅಲ್ಲಿ ಅಂಕಿ ನಡೆಯುವುದಿಲ್ಲ, ಹೆಸರೇ ಬೇಕು: ಡಿಎನ್‌ಎಸ್ ಡಾಟ್ ಕ್ವಾಡ್9 ಡಾಟ್ ನೆಟ್. ಆಮೇಲೆ ಪ್ರಶ್ನೆಗಳು 853ನೇ ಪೋರ್ಟಿನಲ್ಲಿ, ಅಂದರೆ ಇದಕ್ಕೆಂದೇ ಇಟ್ಟ ಬಾಗಿಲಲ್ಲಿ, ಗೂಢಲಿಪಿಯಾಗಿ ಹೋಗುತ್ತವೆ. ಹೊರಗಿನ ಮೊಬೈಲ್ ಡೇಟಾಕ್ಕೂ ಇದೇ ಸೆಟ್ಟಿಂಗ್. ಆದರೂ ನಾವು ಯಾವ ಐಪಿ ವಿಳಾಸಕ್ಕೆ ಹೋದೆವು ಅನ್ನುವುದು ನೆಟ್ ಕೊಡುವವರಿಗೆ ಕಾಣುತ್ತದೆ.

ತಡೆಯೂ ಪೂರ್ತಿಯಲ್ಲ. ಸೆಪ್ಟೆಂಬರಿನಲ್ಲಿ ಒಂದು ಬಿಲ್ ಲಿಂಕ್ ಸಲೀಸಾಗಿ ತೆರೆಯಿತು. ಹೊಸದಾಗಿ ಹುಟ್ಟಿದ ತಾಣ ಪಟ್ಟಿಗೆ ಸೇರಲು ಸ್ವಲ್ಪ ಸಮಯ ಬೇಕಲ್ಲ. ಕಾರ್ಡ್ ನಂಬರ್ ಹಾಕುವ ಮೊದಲು ಅಪ್ಪಯ್ಯ ನನ್ನನ್ನು ಕೂಗಿದ್ದು ಪುಣ್ಯ.

ಮದುವೆಗೆಂದು ಶಿವಮೊಗ್ಗಕ್ಕೆ ಹೋದ ಅಪ್ಪಯ್ಯ ಲಾಡ್ಜಿನಿಂದ ಫೋನ್ ಮಾಡಿದರು. ‘ಎಂತ ಮಾಡಿಟ್ಟಿದ್ದೀಯ ಮಾರಾಯ? ಎಲ್ಲರಿಗೂ ವೈಫೈ ಬರ್ತದೆ, ನಂಗೊಬ್ಬನಿಗೇ ಇಲ್ಲ.’ ಲಾಡ್ಜಿನ ಲಾಗಿನ್ ಪುಟ ಬರುವುದೇ ಲಾಡ್ಜಿನವರ ಡಿಎನ್‌ಎಸ್ ಮೂಲಕ. ನಾವು ಹೆಸರು ಕೊಟ್ಟು ಕಟ್ಟಿಹಾಕಿದ ಫೋನ್ ಬೇರೆಯವರನ್ನು ಕೇಳುವುದೇ ಇಲ್ಲ. ಪ್ರೈವೇಟ್ ಡಿಎನ್‌ಎಸ್ ಆಫ್ ಮಾಡಿ, ಲಾಗಿನ್ ಆಗಿ, ಮತ್ತೆ ಆನ್ ಮಾಡಿ ಅಂತ ಹೇಳಿಕೊಟ್ಟೆ. ಮನೆಗೆ ಬಂದವರೇ ಅದನ್ನು ಕ್ಯಾಲೆಂಡರಿನ ಹಿಂದೆ ಬರೆದಿಟ್ಟರು, ಹೋದ ವಾರದ ರಾಶಿ, ಬೆಟ್ಟೆ ಅಡಿಕೆಯ ಧಾರಣೆಯ ಕೆಳಗೆ.